ನೆಲದಡಿಯ ಬಾಗಿಲು

ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಅವಳಿಗೊಂದು ಮಾತು ಕೊಟ್ಟಿದ್ದ.

“ಕಾಲುವೆ ನೀರಿಗೆ ಒಂದು ದಾರಿ ಆಗಲಿ ಮಗಳೇ. ಆಮೇಲೆ ನೀನು ಭವನದ ಮುಂಬಾಗಿಲಿಂದ, ಯಾರ ಕೈಯೂ ತಾಗದ ಹಾಗೆ, ನಿನ್ನ ಪಾಡಿಗೆ ನೀನು ಒಳಗೆ ಹೋಗ್ತೀಯ. ಅದು ನನ್ನ ಜವಾಬ್ದಾರಿ.”

ಆಗ ನನಗೆ ಐದು ವರ್ಷ. ಆ ಮಾತು ಆಡಿದ ಗಳಿಗೆ ನನಗೆ ನೆನಪಿಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಗೋಡೆ ಗಡಿಯಾರದ ಹಾಗೆ ಇತ್ತು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಸದ್ದು ಮಾತ್ರ ಎಲ್ಲರಿಗೂ ಕೇಳುತ್ತಿತ್ತು.

ಮೂರನೇ ವರ್ಷದ ಜ್ವರದಲ್ಲಿ ಅಕ್ಕನ ಎರಡೂ ಕಾಲಿನ ಬಲ ಹೋಗಿತ್ತು. ಅಪ್ಪ ಬಡಗಿ. ಹಿಂದೆ ಸೈಕಲ್ಲಿನ ಎರಡು ಚಕ್ರ, ಮುಂದೆ ಗಿರಣಿಯ ತಳ್ಳುಗಾಡಿಯ ಎರಡು ಪುಟ್ಟ ಚಕ್ರ ಹಾಕಿ ಅವಳಿಗೊಂದು ಗಾಲಿಕುರ್ಚಿ ಮಾಡಿಕೊಟ್ಟಿದ್ದ. ಬೀದಿಯಲ್ಲಿ ಅವಳು ಅದನ್ನು ಯಾರ ಕೈಗೂ ಸಿಗದಷ್ಟು ಜೋರಾಗಿ ಓಡಿಸುತ್ತಿದ್ದಳು. ಅವಳಿಗೆ ಹನ್ನೊಂದಾದ ವರ್ಷ ಶಾಲೆಯ ಬಹುಮಾನ ಸಮಾರಂಭ ಗಿರಣಿ ಕೆಲಸಗಾರರ ಭವನದಲ್ಲಿ ನಡೆಯಿತು. ಹೊಲಿಗೆಯಲ್ಲಿ ಅಕ್ಕನಿಗೆ ಮೊದಲ ಬಹುಮಾನ. ಭವನದ ಮುಂದೆ ನಾಲ್ಕು ಮೆಟ್ಟಿಲು. ನಾಲ್ವರು ಗಂಡಸರು ಮುಂದೆ ಬಂದು, “ನಿಧಾನ, ಎಡಗಡೆ ತಗ್ಗಿಸು, ಬಾಗಿಲಿಗೆ ತಾಗುತ್ತೆ ನೋಡು,” ಎನ್ನುತ್ತಾ ಬೀರು ಸಾಗಿಸುವವರ ಹಾಗೆ ಅವಳನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ನೋಡುತ್ತಿದ್ದವರು ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿದರು. ಬಹುಮಾನಕ್ಕೆ ಬಿದ್ದ ಚಪ್ಪಾಳೆಗಿಂತ ಎತ್ತಿದ್ದಕ್ಕೆ ಬಿದ್ದ ಚಪ್ಪಾಳೆಯೇ ಜೋರಾಗಿತ್ತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮನೆಗೆ ಬಂದವಳು ಬಹುಮಾನದ ತಟ್ಟೆಯನ್ನು ಬದಿಗಿಟ್ಟು ಕೇಳಿದಳಂತೆ: “ಆ ಮೆಟ್ಟಿಲು ಮಾಡಿದ್ದು ಯಾರಪ್ಪ?”

ಅಪ್ಪ ಉಳಿಯ ಬಾಯಿ ನೋಡಿದ. ಆಮೇಲೆ, “ನಾನೇ,” ಎಂದ. ಆ ಮಾತು ಕೊಟ್ಟದ್ದು ಅದಾದ ಮೇಲೆ.

ಅಪ್ಪ ಹೇಳಿದ್ದು ನಿಜ. ಅದಕ್ಕೆ ಎರಡು ವರ್ಷ ಮೊದಲು ಗಿರಣಿಯ ಹಿಂದಿನ ಕಾಲುವೆ ಉಕ್ಕಿ, ಭವನದಲ್ಲಿ ಮೊಣಕಾಲುದ್ದ ನೀರು ಒಂಬತ್ತು ದಿನ ನಿಂತಿತ್ತು. ಇನ್ನೊಂದು ಸಲ ಹೀಗಾದರೆ ಗೋಡೆ ಉಳಿಯುವುದಿಲ್ಲ, ಸಾಮಾನೂ ಉಳಿಯುವುದಿಲ್ಲ ಎಂದು ಕೆಲಸಗಾರರ ಸಂಘ ನೆಲವನ್ನು ಎರಡಡಿ ಎತ್ತರಿಸಲು ತೀರ್ಮಾನಿಸಿತು. ಹಳೆಯ ಕಲ್ಲು ನೆಲವನ್ನು ಹಾಗೇ ಬಿಟ್ಟು, ಅದರ ಮೇಲೆ ತೊಲೆ ಜೋಡಿಸಿ ಅಪ್ಪ ಹಲಗೆಯ ನೆಲ ಹಾಕಿದ. ನೆಲ ಮೇಲೆ ಹೋದ ಮೇಲೆ ಬಾಗಿಲ ಮುಂದೆ ಮೆಟ್ಟಿಲು ಬೇಕಲ್ಲ. ಕಲ್ಲು ಕೂರಿಸಿದವರು ಬೇರೆಯವರು. ಆದರೆ ಅಪ್ಪನ ಲೆಕ್ಕದಲ್ಲಿ ಮೆಟ್ಟಿಲು ಅವನದೇ.

ಆ ಭವನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಯಾವ ದೊಡ್ಡ ಮನುಷ್ಯನೂ ಕಟ್ಟಿಸಿಕೊಟ್ಟದ್ದಲ್ಲ. ನೂರಹತ್ತು ವರ್ಷದ ಹಿಂದೆ ನೂಲಿನ ಗಿರಣಿಯ ಕೆಲಸಗಾರರು ಪಾಳಿ ಮುಗಿಸಿ ಮನೆಗೆ ಹೋಗುವಾಗ ತಲೆಗೆರಡರಂತೆ ಇಟ್ಟಿಗೆ ಹೊತ್ತು ತಂದು, ಮೂರು ವರ್ಷ ತೆಗೆದುಕೊಂಡು, ತಾವೇ ಕಟ್ಟಿದ್ದು. ನಮ್ಮ ತಾತ ಹೊತ್ತಿದ್ದಾನೆ, ಅಜ್ಜಿ ಹೊತ್ತಿದ್ದಾಳೆ. ಹತ್ತಡಿ ಎತ್ತರದ ಮುಂಬಾಗಿಲಿನ ಎರಡು ರೆಕ್ಕೆಗಳನ್ನು ತಾತನ ಕಾಲದ ಬಡಗಿಗಳು ಮಾಡಿದರು. ಅದರ ಮೇಲೆ ದೇವರ ಚಿತ್ರವಿಲ್ಲ, ರಾಜನ ಮುದ್ರೆಯಿಲ್ಲ, ಸಾಲು ಸಾಲು ನೂಲಿನ ಉರುಳೆಗಳನ್ನು ಕೆತ್ತಿದ್ದಾರೆ. ಚಿಕ್ಕವಳಿದ್ದಾಗ ನಾನು ಅವುಗಳ ಮೇಲೆ ಬೆರಳಾಡಿಸಿಕೊಂಡೇ ಒಳಗೆ ಹೋಗುತ್ತಿದ್ದೆ.

ಅಕ್ಕ ಮಾತ್ರ ಆ ಸಮಾರಂಭದ ನಂತರ ಮುಂಬಾಗಿಲಿಂದ ಹೋಗಲಿಲ್ಲ. ಬೆಳೆದು ದರ್ಜಿಯಾದಳು. ಭವನದ ವೇದಿಕೆಯ ಪರದೆಗಳನ್ನೆಲ್ಲ ಹೊಲಿದವಳು ಅವಳೇ. ಪರದೆ ಮುಂಬಾಗಿಲಿಂದ ಮೆರವಣಿಗೆಯ ಹಾಗೆ ಹೋಗುತ್ತಿತ್ತು. ಅಕ್ಕ ಹಿಂದಿನ ಅಡುಗೆ ಕೋಣೆಯ ಇಳಿಜಾರಿನಿಂದ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಿಂದ ಹೋಗುತ್ತಿದ್ದಳು.

ಕೊನೆಗೆ ಕಾಲುವೆಯ ಉಕ್ಕು ನೀರು ಹರಿಯಲು ದೊಡ್ಡ ಚರಂಡಿ ಆಯಿತು. ಆದರೆ ಅದೇ ವರ್ಷ ಗಿರಣಿ ಮುಚ್ಚಿತು, ಭವನಕ್ಕೆ ಬೀಗ ಬಿತ್ತು, ಬೀದಿಯ ಅರ್ಧ ಜನ ಕೆಲಸ ಹುಡುಕಿಕೊಂಡು ಹೊರಟುಹೋದರು. ಅಪ್ಪ ಪ್ರತಿ ವರ್ಷ ಒಂದು ಅರ್ಜಿ ಬರೆದುಕೊಂಡು ಹೋಗುತ್ತಿದ್ದ. “ನೆಲ ಇಳಿಸಬೇಕು, ಕೂಲಿ ಬೇಡ, ಬೀಗ ತೆಗೆದರೆ ಸಾಕು.” ಬೀಗ ತೆಗೆಯಲಿಲ್ಲ. ಅಪ್ಪ ತೀರಿಹೋದ. ಅವನ ಅಂಗಡಿ, ಉಳಿ, ಗರಗಸ, ಕೊನೆಗೆ ಆ ಮಾತು, ಎಲ್ಲ ನನ್ನ ಪಾಲಿಗೆ ಬಂತು.

*

ಹೋದ ವರ್ಷ ಭವನವನ್ನು ಮತ್ತೆ ತೆರೆಯುವುದೆಂದು ತೀರ್ಮಾನವಾಯಿತು. ಒಂದು ಕಡೆ ಗ್ರಂಥಾಲಯ, ಇನ್ನೊಂದು ಕಡೆ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಮಧ್ಯದ ದೊಡ್ಡ ಹಜಾರದಲ್ಲಿ ನಾಟಕ, ಸಭೆ, ವ್ಯಾಯಾಮ, ಸಂಜೆ ತರಗತಿ. ಮರಗೆಲಸ ನನಗೆ ಸಿಕ್ಕಿತು. ಬೆಳಿಗ್ಗೆ ಐದಕ್ಕೆ ಎದ್ದು, ಮಗಳ ಡಬ್ಬಿ ಕಟ್ಟಿ, ಅಕ್ಕನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಅಂಗಡಿ ಬಾಗಿಲು ತೆಗೆದು ಎಂಟಕ್ಕೆ ಭವನದಲ್ಲಿರುತ್ತಿದ್ದೆ. ಗಂಡನದು ಲಾರಿ, ವಾರಕ್ಕೊಮ್ಮೆ ಬಂದು, ಮನೆ ಎಲ್ಲಿದ್ದದ್ದು ಅಲ್ಲೇ ಇದೆಯಾ ಎಂದು ನೋಡಿಕೊಂಡು ಹೋಗುವವನು.

ಮೊದಲ ದಿನವೇ ನಕ್ಷೆ ಬಿಡಿಸಿ ತೋರಿಸಿದರು. ನಕ್ಷೆ ಬರೆದವಳು ಮೂವತ್ತರ ಹುಡುಗಿ, ಎಲ್ಲರೂ ಅವಳನ್ನು ಪ್ಲಾನ್ ಮೇಡಂ ಅನ್ನುತ್ತಿದ್ದರು. ಗಾಲಿಕುರ್ಚಿಯ ದಾರಿ ಎಂದು ಅದರಲ್ಲಿ ನೀಲಿ ಗೆರೆ ಹಾಕಿತ್ತು. ಆ ಗೆರೆ ಕಟ್ಟಡವನ್ನು ಒಂದು ಸುತ್ತು ಹಾಕಿ, ಅಡುಗೆ ಕೋಣೆಯ ಬಾಗಿಲಲ್ಲಿ ಒಳಗೆ ಹೋಗುತ್ತಿತ್ತು.

“ಇದು ಮುಂಬಾಗಿಲಿಂದಲೇ ಆಗಬೇಕು ಮೇಡಂ,” ಅಂದೆ. “ಮೆಟ್ಟಿಲು ಆಮೇಲೆ ಬಂದದ್ದು. ನೆಲಾನೂ ಆಮೇಲೆ ಎತ್ತರಿಸಿದ್ದು. ನಮ್ಮಪ್ಪನೇ ಮಾಡಿದ್ದು.”

ಭವನ ಸಮಿತಿಯ ಕಾರ್ಯದರ್ಶಿ ಅಲ್ಲೇ ನಿಂತಿದ್ದರು. ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ಬೀದಿಗೆಲ್ಲ ಮೇಷ್ಟ್ರು. ಗಿರಣಿ ಮುಚ್ಚಿದ ಮೇಲೆ ಈ ಕಡೆ ಬಂದವರು. ಒಳ್ಳೆಯ ಮನುಷ್ಯ, ಆದರೆ ಪ್ರಶ್ನೆಪತ್ರಿಕೆಯ ಹೊರಗೆ ಒಂದು ಅಕ್ಷರವನ್ನೂ ಒಪ್ಪುವವರಲ್ಲ.

“ದಾಖಲೆ ಇದೆಯೇನಮ್ಮ?”

“ಸಂಘದ ಪುಸ್ತಕ ಗಿರಣಿ ಮುಚ್ಚಿದಾಗ ಹೋಯ್ತಲ್ಲ ಮೇಷ್ಟ್ರೇ.”

“ಗೋಡೆ ಮೇಲಿನ ಫೋಟೋ ನೋಡು. ಅದರಲ್ಲೂ ಮೆಟ್ಟಿಲಿದೆ.”

“ಅದು ಎತ್ತರಿಸಿದ ಮೇಲಿನ ಫೋಟೋ.”

“ಹಂಗಂತ ನೀನು ಹೇಳ್ತೀಯ. ಹಳೇ ಕಟ್ಟಡ, ಮೂಲ ಮುಂಭಾಗ ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ ಅನುಮತಿ ಸಿಕ್ಕಿರೋದು. ನೆನಪಿನ ಮೇಲೆ ಕಲ್ಲು ಕೀಳೋಕಾಗಲ್ಲ. ಹಿಂದೆ ಅನುಕೂಲ ಮಾಡಿದ್ದೀವಲ್ಲ, ಇನ್ನೇನು.”

ಮನೆಗೆ ಹೋಗಿ ಹೇಳಿದೆ. ಅಕ್ಕ ಭವನದ ಹೊಸ ಪರದೆ ಹೊಲಿಯುತ್ತಿದ್ದಳು. ಕಡುಗೆಂಪು ಬಟ್ಟೆ ಇಡೀ ಕೋಣೆ ತುಂಬಿ, ಅದರ ಮಧ್ಯೆ ಅವಳ ತಲೆ ಮಾತ್ರ ಕಾಣುತ್ತಿತ್ತು. ನನಗೆ ಐವತ್ತಾದರೂ ಅವಳ ಬಾಯಲ್ಲಿ ನಾನಿನ್ನೂ ಪುಟ್ಟಿ.

“ಬೇಡಿಕೊಳ್ಳೋಕೆ ಹೋಗಬೇಡ ಪುಟ್ಟಿ. ಪರದೆ ಮುಂಬಾಗಿಲಿಂದ ಹೋಗಲಿ. ಉದ್ಘಾಟನೆ ದಿನ ನಾನು ಮನೇಲಿ ಕೂತು ಕಾಜಾ ಹಾಕ್ತೀನಿ.”

“ಬರೋದೇ ಇಲ್ವಾ?”

“ಹನ್ನೊಂದನೇ ವರ್ಷಕ್ಕೇ ತೀರ್ಮಾನ ಮಾಡಿದ್ದೀನಿ. ಇನ್ನೊಂದು ಸಲ ನಾನು ಬೀರು ಆಗಲ್ಲ. ಇನ್ಮೇಲೆ ಪಾತ್ರೇನೂ ಆಗಲ್ಲ.”

ಹೇಳಿ, ದಾರವನ್ನು ಹಲ್ಲಿನಲ್ಲಿ ಕಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೊರೆಯಿತು.

*

ಮಾರನೆಯ ದಿನ ಮುಂಬಾಗಿಲನ್ನು ಉಜ್ಜುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಳಬದಿಯಲ್ಲಿ, ಸರಿಯಾಗಿ ನನ್ನ ಮೊಣಕಾಲಿನ ಎತ್ತರಕ್ಕೆ, ಮರದಲ್ಲಿ ಎರಡು ಸಣ್ಣ ತೇಪೆ. ಹಳೆಯ ತೂತನ್ನು ಮುಚ್ಚಲು ಎಲ್ಲರೂ ದುಂಡು ಬಿರಡೆ ಹೊಡೆಯುತ್ತಾರೆ. ಅಪ್ಪ ಮಾತ್ರ ಮೂಲೆ ಮೇಲೆ ಬರುವಂತೆ ಚೌಕ ಕತ್ತರಿಸಿ ಕೂರಿಸುತ್ತಿದ್ದ. ಇವು ಆ ತೇಪೆಗಳೇ.

ಪ್ಲಾನ್ ಮೇಡಂಳನ್ನು ಕರೆದೆ. “ಇಲ್ಲಿ ಹಿಡಿ ಇತ್ತು ಮೇಡಂ. ಆಮೇಲೆ ಮೇಲೆ ಹಾಕಿದ್ದಾರೆ.”

ಅವಳು ಬಗ್ಗಿ ಮುಟ್ಟಿ ನೋಡಿದಳು. “ಮೊಣಕಾಲಿಗೆ ಯಾರು ಹಿಡಿ ಹಾಕ್ತಾರೆ?”

“ಯಾರೂ ಹಾಕಲ್ಲ. ಹಾಕಿದಾಗ ಇದು ಎದೆ ಹತ್ತಿರ ಇತ್ತು. ಬಾಗಿಲನ್ನ ಕೆಳಗಿಂದ ಎರಡಡಿ ಕೊಯ್ದಿದ್ದಾರೆ.”

ಅವಳು ತೇಪೆಯಿಂದ ನೆಲದವರೆಗೆ ಗೇಣು ಹಾಕಿ ನೋಡಿದಳು. ಆಮೇಲೆ, “ನೆಲ ಹೇಗೂ ಬಿಚ್ಚಬೇಕಲ್ವಾ, ವೈರ್ ಎಳೆಯೋಕೆ,” ಎಂದಳು. ಅಷ್ಟೇ ಸಾಕಾಗಿತ್ತು ನನಗೆ.

ಕಲ್ಲಿನ ಕೆಲಸಕ್ಕಿದ್ದವನು ಸಿಮೆಂಟಣ್ಣ. ಅರವತ್ತರ ಆಸುಪಾಸು, ತಲೆಗೂದಲಿಗೂ ಸಿಮೆಂಟಿಗೂ ಈಗ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಅವನು ಹಾರೆ ತಂದು ಮೊದಲ ಹಲಗೆಯ ಸಂದಿಗೆ ಚುಚ್ಚಿ ಮೀಟಿದ. ಹಲಗೆ ಜಪ್ಪಯ್ಯ ಅನ್ನಲಿಲ್ಲ.

“ಏನಮ್ಮ ಮೇಸ್ತ್ರಮ್ಮ, ನಿಮ್ಮಪ್ಪ ಇದಕ್ಕೆ ಬೇರು ಬಿಡಿಸಿದ್ದಾನಾ?”

ಹಲಗೆಗಳ ತುದಿಯಲ್ಲಿ ನಾಲ್ಕಾಣೆಯಷ್ಟು ಅಗಲದ ದುಂಡು ಚುಕ್ಕೆಗಳಿದ್ದವು. ಅಲಂಕಾರವೆಂದೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಒಂದನ್ನು ಉಳಿಯಿಂದ ಎಬ್ಬಿಸಿದೆ. ಅದು ಮರದ ಮುಚ್ಚಳ. ಅಡಿಯಲ್ಲಿ ಹಿತ್ತಾಳೆ ಸ್ಕ್ರೂ, ತಲೆಗೆ ಮೇಣ ಹಚ್ಚಿದ್ದು, ನಿನ್ನೆ ಹಾಕಿದ ಹಾಗಿತ್ತು. ಪಕ್ಕದ ಚುಕ್ಕೆ ಎಬ್ಬಿಸಿದೆ. ಅಲ್ಲೂ ಸ್ಕ್ರೂ. ಇಡೀ ನೆಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚುಕ್ಕೆ.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಂಗಡಿಯಲ್ಲಿ ಕೆಲಸ ಕಲಿಯುವಾಗ ಅಪ್ಪ ನನಗೆ ದಿನಾ ಹೇಳುತ್ತಿದ್ದದ್ದು ಒಂದೇ: ಮುಂದೆ ಬಿಚ್ಚೋದಿದ್ದರೆ ಸ್ಕ್ರೂ ಹಾಕು, ಬಿಚ್ಚೋದಿಲ್ಲ ಅಂದ್ರೆ ಮೊಳೆ ಹೊಡಿ. ನೆಲದ ಹಲಗೆಗೆ ಯಾರೂ ಸ್ಕ್ರೂ ಹಾಕುವುದಿಲ್ಲ. ಮೊಳೆಯಾದರೆ ಮೂರು ವಾರದ ಕೆಲಸ. ಸ್ಕ್ರೂ ಹಾಕಿ, ಮೇಣ ಸವರಿ, ಮೇಲೆ ಮುಚ್ಚಳ ಕೂರಿಸುತ್ತಾ ಹೋದರೆ ಮೂರು ತಿಂಗಳು. ಅಕ್ಕನಿಗೆ ಮಾತು ಕೊಡುವ ಎರಡು ವರ್ಷ ಮೊದಲೇ, ನೆಲ ಎತ್ತರಿಸುವಾಗಲೇ, ಅದನ್ನು ಮತ್ತೆ ಇಳಿಸುವ ಕೆಲಸವನ್ನು ಅಪ್ಪ ಮನಸ್ಸಿನಲ್ಲಿ ಶುರು ಮಾಡಿದ್ದ.

“ಹಾರೆ ಬೇಡ ಸಿಮೆಂಟಣ್ಣ,” ಅಂದೆ. “ಸ್ಕ್ರೂಡ್ರೈವರ್ ಸಾಕು.”

ಬಾಗಿಲ ಹತ್ತಿರದ ಆರು ಹಲಗೆ ಬಿಚ್ಚುವಷ್ಟರಲ್ಲಿ ಊಟದ ಹೊತ್ತು. ಟಾರ್ಚ್ ಹಿಡಿದು ಬಗ್ಗಿದೆ. ಎರಡಡಿ ಕೆಳಗೆ ಹಳೆಯ ಕಲ್ಲು ನೆಲ, ಧೂಳಿನಡಿಯಲ್ಲೂ ನುಣುಪು. ಅದರ ಮೇಲೆ, ತೊಲೆಗೆ ಒರಗಿಸಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಎರಡು ಮೂಟೆ. ಹಗ್ಗ ಬಿಚ್ಚಿದೆವು. ಒಳಗೆ ಬಾಗಿಲಿನ ಎರಡು ತುಂಡು. ಎರಡಡಿ ಎತ್ತರ. ಒಂದರ ಮೇಲೆ ಅಪ್ಪನ ದಪ್ಪ ಪೆನ್ಸಿಲಿನಲ್ಲಿ ‘ಎಡ’, ಇನ್ನೊಂದರ ಮೇಲೆ ‘ಬಲ’. ಮೇಲಿನ ಬಾಗಿಲಲ್ಲಿ ಅರ್ಧಕ್ಕೆ ನಿಂತ ಉರುಳೆಯ ಸಾಲು ಇಲ್ಲಿ ಮುಂದುವರಿದಿತ್ತು. ಆ ಅರ್ಧವನ್ನು ಮುಚ್ಚಲು ಅಪ್ಪ ಬಾಗಿಲಿಗೆ ಅಡ್ಡಪಟ್ಟಿ ಹೊಡೆದಿದ್ದ, ಅದನ್ನೇ ನಾವೆಲ್ಲ ಬಾಗಿಲಿನ ಅಂಚು ಎಂದುಕೊಂಡಿದ್ದೆವು.

ಸಿಮೆಂಟಣ್ಣ ತಲೆ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಕೊಯ್ದ ತುಂಡನ್ನ ಯಾವನಾದ್ರೂ ಇಷ್ಟು ಜೋಪಾನ ಮಾಡ್ತಾನಾ.”

“ನಮ್ಮ ಮನೆಯಲ್ಲಿ ಕೊಯ್ದ ತುಂಡು ಬಿಸಾಡಲ್ಲ.”

ಮೇಷ್ಟ್ರಿಗೆ ಹೇಳಿಕಳಿಸಿದೆವು. ಅವರು ಬಂದು, ಕನ್ನಡಕ ಏರಿಸಿ, ತುಂಡನ್ನು ಬಾಗಿಲ ಪಕ್ಕ ಹಿಡಿಸಿ ನೋಡಿದರು. ಎಳೆಗೆ ಎಳೆ ಕೂತಿತು. ಉರುಳೆಗೆ ಉರುಳೆ ಕೂತಿತು. ಆಮೇಲೆ ಗುಂಡಿಗಿಳಿದು ಕಲ್ಲು ನೆಲದ ಮೇಲೆ ನಿಂತರು. ಅವರ ಸೊಂಟ ಈಗ ನಮ್ಮ ಮೊಣಕಾಲಿನ ಮಟ್ಟದಲ್ಲಿತ್ತು. ಅಲ್ಲಿಂದಲೇ ಕಿಟಕಿಗಳ ಕಡೆ ನೋಡಿದರು.

“ಅಲ್ಲ ಕಣಮ್ಮ, ಈ ಕಿಟಕಿಗಳು ಯಾಕೆ ಇಷ್ಟು ಕೆಳಗಿವೆ ಅಂತ ನಾನು ಹತ್ತು ಸಲ ಯೋಚಿಸಿದ್ದೆ. ಇಲ್ಲಿಂದ ನೋಡಿದ್ರೆ ಸರಿಯಾಗಿದೆ.”

“ಕಿಟಕಿ ಅಲ್ಲೇ ಇದೆ ಮೇಷ್ಟ್ರೇ. ನಾವೇ ಮೇಲೆ ಹೋಗಿದ್ದು.”

ಅವರು ಕೈ ಚಾಚಿದರು, ಸಿಮೆಂಟಣ್ಣ ಎಳೆದು ಮೇಲೆ ತಂದ. ಪ್ಯಾಂಟಿನ ಧೂಳು ಕೊಡವುತ್ತಾ ಹೇಳಿದರು, “ನಿಮ್ಮಪ್ಪನಿಗೆ ನೂರಕ್ಕೆ ನೂರು. ನನಗೆ ಸೊನ್ನೆ. ನಾನೇ ಕೂತು ಬರೆದು ಕಳಿಸ್ತೀನಿ, ಮೆಟ್ಟಿಲು ಮೂಲದ್ದಲ್ಲ ಅಂತ.”

ಪ್ಲಾನ್ ಮೇಡಂ ಆ ವಾರವೇ ನಕ್ಷೆ ಬದಲಿಸಿದಳು. ಹದಿನೆಂಟು ದಿನದಲ್ಲಿ ಅನುಮತಿ ಬಂತು.

*

ನೆಲ ಇಳಿದ ಮೇಲೆ ಭವನ ಬೇರೆಯೇ ಆಯಿತು. ಅಲ್ಲ, ಮೊದಲಿನದೇ ಆಯಿತು. ಸೂರು ಎರಡಡಿ ಮೇಲೆ ಹೋದ ಹಾಗೆ, ವೇದಿಕೆ ಎದ್ದು ನಿಂತ ಹಾಗೆ. ಕೊನೆಯ ಸಾಲಿನಲ್ಲಿ ನಿಂತು ಸಿಮೆಂಟಣ್ಣ ಕೆಮ್ಮಿದರೆ ವೇದಿಕೆಯ ಮೇಲೆ ನಿಂತ ನನಗೆ ಕೇಳುತ್ತಿತ್ತು. ಅಪ್ಪನ ಹಲಗೆಗಳನ್ನು ಒಂದನ್ನೂ ಬಿಡದೆ ಗ್ರಂಥಾಲಯದ ಕಪಾಟಿಗೆ, ಮಕ್ಕಳ ಕೋಣೆಯ ಪುಟ್ಟ ಬೆಂಚುಗಳಿಗೆ ಬಳಸಿದೆ. ಮೆಟ್ಟಿಲಿನ ಕಲ್ಲುಗಳು ಹೊರಗೆ ಮರದಡಿ ಕೂರುವ ಕಟ್ಟೆಯಾದವು. ಬಾಗಿಲಿಗೆ ತುಂಡುಗಳನ್ನು ಒಳಗಿಂದ ಆಸರೆ ಹಲಗೆ ಕೊಟ್ಟು ಜೋಡಿಸಿದೆ. ಹಿಡಿ ಮತ್ತೆ ತನ್ನ ಹಳೆಯ ತೂತಿಗೆ ಬಂತು. ಅಪ್ಪನ ಚೌಕದ ತೇಪೆಗಳನ್ನು ತೆಗೆದು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡೆ.

ಹಳೆಯ ಹೊಸ್ತಿಲ ಕಲ್ಲು ಎರಡಾಗಿ ಒಡೆದಿತ್ತು. ಹೊಸದು ಬೇಕು. ಅಳೆಯುವ ದಿನ ಬೆಳಿಗ್ಗೆ ಅಕ್ಕ ಅಪ್ಪನ ಅಳತೆಕೋಲನ್ನು ನನ್ನ ಕೈಗಿಟ್ಟಳು. “ಹೊಸ್ತಿಲನ್ನ ಇದರಲ್ಲೇ ಅಳಿ ಪುಟ್ಟಿ.”

ಆ ಕೋಲಿಗೊಂದು ಕಥೆಯಿದೆ. ಅದರ ಮೊದಲ ಇಂಚು ನಾನು ಹುಟ್ಟುವ ಮೊದಲೇ ಮುರಿದುಹೋಗಿತ್ತು. ಕೋಲು ಶುರುವಾಗುವುದೇ ಒಂದರಿಂದ. ಓದಿದ್ದರಲ್ಲಿ ಒಂದು ಕಳೆಯಬೇಕು. ಅಪ್ಪ ಹೊಸ ಕೋಲು ಕೊಳ್ಳಲಿಲ್ಲ. ಕಳೆಯುವುದನ್ನೇ ಕಲಿತ, ನಮಗೂ ಕಲಿಸಿದ. ನಮ್ಮ ಮನೆಯಲ್ಲಿ ಮಕ್ಕಳು ಕೂಡುವ ಲೆಕ್ಕಕ್ಕಿಂತ ಮೊದಲು ಕಳೆಯುವ ಲೆಕ್ಕ ಕಲಿಯುತ್ತಿದ್ದರು.

ಹೊಸ್ತಿಲು ಕೂರುವ ಗುಂಡಿಗೆ ಕೋಲು ಇಳಿಸಿದೆ. ಅಷ್ಟರಲ್ಲಿ ಫೋನ್. ಮಗಳು. “ಅಮ್ಮಾ, ಗ್ಯಾಸ್ ಮುಗೀತು, ಅನ್ನ ಅರ್ಧ ಬೆಂದಿದೆ, ಏನು ಮಾಡ್ಲಿ?” ಪಕ್ಕದ ಮನೆಯ ಆಂಟಿ ಹತ್ತಿರ ಹೋಗು ಎಂದು ಹೇಳುತ್ತಲೇ ಕೋಲು ಓದಿ, ಸಿಮೆಂಟಣ್ಣನಿಗೆ ನಾಲ್ಕು ಬೆರಳು ತೋರಿಸಿದೆ. ನಾಲ್ಕು ಇಂಚು ದಪ್ಪದ ಕಲ್ಲು ಬಂತು, ಕೂತಿತು, ಸಿಮೆಂಟು ಬಿಗಿಯಿತು.

ಬಾಗಿಲು ನೇತುಹಾಕಿದಾಗ ಅಡಿ ಹೊಸ್ತಿಲಿಗೆ ತಾಗಿತು. ಒಂದು ಇಂಚು ಹೆಚ್ಚಿತ್ತು. ಅಲ್ಲಾದರೂ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಪ್ಪ ಕೊಯ್ಯುವಾಗ ಗೆರೆ ತಪ್ಪಿರಬೇಕು ಎಂದುಕೊಂಡೆ. ನಲವತ್ತೇಳು ವರ್ಷ ತುಂಡನ್ನು ಕಾಪಾಡಿದವನ ಮೇಲೆ ತಪ್ಪು ಹೊರಿಸಿ, ಎರಡೂ ರೆಕ್ಕೆಯ ಅಡಿಯಿಂದ ಒಂದೊಂದು ಇಂಚು ಕೊಯ್ದೆ. ಬಾಗಿಲು ಗಾಳಿಗೂ ತೆರೆಯುವಷ್ಟು ಹಗುರಾಗಿ ತಿರುಗಿತು. ನನಗೆ ಬಹಳ ಹೆಮ್ಮೆಯಾಯಿತು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಅಕ್ಕ ಬಂದಳು. ಯಾರಿಗೂ ಹೇಳದೆ ಬಂದಿದ್ದಳು. ಒಂದು ಸಲ ನೋಡಿಕೊಂಡು ಹೋಗೋಣ ಎಂದು. ಬೀದಿಯಿಂದ ಬಾಗಿಲವರೆಗಿನ ಇಳಿಜಾರನ್ನು ಒಂದೇ ದಮ್ಮಿಗೆ ಏರಿದಳು. ಮೇಷ್ಟ್ರು, ಪ್ಲಾನ್ ಮೇಡಂ, ಸಿಮೆಂಟಣ್ಣ, ನಾನು ಒಳಗೆ ನಿಂತಿದ್ದೆವು. ಅವಳು ಉರುಳೆಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ತಲೆಯಾಡಿಸಿ, ಚಕ್ರ ತಿರುಗಿಸಿದಳು. ಮುಂದಿನ ಪುಟ್ಟ ಚಕ್ರಗಳು ಹೊಸ್ತಿಲಿಗೆ ಟಕ್ ಎಂದು ಬಡಿದು ನಿಂತವು. ಹಿಂದೆ ಸರಿದು ಮತ್ತೆ ಬಂದಳು. ಮತ್ತೆ ಟಕ್.

ಹೊಸ್ತಿಲು ನೆಲಕ್ಕಿಂತ ಒಂದು ಇಂಚು ಮೇಲಿತ್ತು.

ನಾಲ್ಕರಲ್ಲಿ ಒಂದು ಕಳೆದರೆ ಮೂರು. ನಾನು ಕಳೆದಿರಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು. “ಕೋಲು?”

“ಹೂಂ.”

“ಪರವಾಗಿಲ್ಲ ಬಿಡು. ಅಪ್ಪ ಎರಡಡಿ ಏರಿಸಿದ್ದ, ನೀನು ಒಂದಿಂಚು. ಮನೆತನ ಸುಧಾರಿಸ್ತಾ ಇದೆ.”

ಯಾರಿಗೂ ನಗಲು ಆಗಲಿಲ್ಲ. ಮೇಷ್ಟ್ರು ಮೆಲ್ಲಗೆ, “ಒಂದೇ ಇಂಚಲ್ವಾ. ನಾಳೆ ಹಿಂದಿನಿಂದ ಯಾರಾದ್ರೂ ಒಂದು ಸಲ ತಳ್ಳಿದ್ರೆ ಆಯ್ತು,” ಎಂದರು.

“ತಳ್ಳಿದ್ರೆ ನಾನು ಒಳಗೆ ಹೋಗ್ತೀನಿ ಮೇಷ್ಟ್ರೇ,” ಎಂದಳು ಅಕ್ಕ. “ಆದ್ರೆ ನಮ್ಮಪ್ಪ ಹೇಳಿದ್ದು ಹಂಗಲ್ಲ.” ಕುರ್ಚಿ ತಿರುಗಿಸಿ ಹೊರಟೇ ಹೋದಳು.

ಕಲ್ಲು ಕಿತ್ತು ಹೊಸದು ಹಾಕಲು ಸಮಯವಿಲ್ಲ. ಕಿತ್ತರೆ ಚೌಕಟ್ಟೂ ಅಲುಗುತ್ತದೆ ಎಂದ ಸಿಮೆಂಟಣ್ಣ. ಕಲ್ಲಿನ ಮೇಲೆ ಅಂಗೈ ಸವರಿದ. “ಇದ್ದ ಕಡೆಯೇ ಇರಲಿ. ಮೇಲಿಂದ ಕೆತ್ತಿ ಒಂದಿಂಚು ಇಳಿಸ್ತೀನಿ.”

“ಗಟ್ಟಿ ಕಲ್ಲು. ಆಗುತ್ತಾ?”

“ನಾನೇನು ಮೆದು ಅಂದ್ಕೊಂಡ್ಯಾ?”

ಮೊದಲು ಕಲ್ಲಿನ ಬದಿಗೆ, ಮೇಲಿಂದ ಒಂದು ಇಂಚಿಗೆ ಗೆರೆ ಹಾಕಿದೆ. ಟೇಪಿನಲ್ಲಿ ಅಳೆದು, ಕೋಲಿನಲ್ಲಿ ಅಳೆದು, ಒಂದು ಕಳೆದು, ಬಾಯಿಬಿಟ್ಟು ಹೇಳಿದೆ. ಅವನು ಕಲ್ಲು ಕೊಯ್ಯುವ ಯಂತ್ರದಲ್ಲಿ ಬೆರಳಗಲಕ್ಕೊಂದು ಗೀರು ಹಾಕಿ, ಗೀರಿನ ನಡುವಿನ ಕಲ್ಲನ್ನು ಚಾಣದಲ್ಲಿ ಹಾರಿಸುತ್ತಾ ಹೋದ. ಮೆರುಗು ಕೊಟ್ಟ ನೆಲದ ಮೇಲೆಲ್ಲ ಬಿಳಿ ಧೂಳು. ಪ್ಲಾನ್ ಮೇಡಂ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರು ಸುರಿಯುತ್ತಾ ಕೂತಳು. ಮೇಷ್ಟ್ರು ತಮ್ಮ ಭಾಷಣದ ಹಾಳೆಯನ್ನು ಜೇಬಿಗೆ ತುರುಕಿ ಪೊರಕೆ ಹಿಡಿದರು; ಗುಡಿಸುವುದು ಅವರಿಗೆ ಬರುವುದಿಲ್ಲ ಎಂದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಹೊಸ್ತಿಲು ಇಳಿದರೆ ಬಾಗಿಲಡಿ ಒಂದಿಂಚು ಸಂದಿ. ನಾನು ಅಂಗಡಿಗೆ ಓಡಿದೆ. ಕೊಯ್ದ ಎರಡು ಪಟ್ಟಿಗಳು ಗೋಡೆಯ ಮೂಲೆಯಲ್ಲಿದ್ದವು, ಒಂದರ ಮೇಲೆ ‘ಎಡ’, ಒಂದರ ಮೇಲೆ ‘ಬಲ’. ಬರೆದದ್ದು ನನಗೇ ನೆನಪಿರಲಿಲ್ಲ. ಕೈ ತಾನಾಗಿ ಬರೆದಿತ್ತು. ಅವನ್ನು ತಂದು, ಬಾಗಿಲು ಇಳಿಸಿ, ಅಂಟು ಹಚ್ಚಿ, ಕ್ಲಾಂಪ್ ಹಾಕಿ, ಸ್ಕ್ರೂ ತಿರುಗಿಸಿದೆ. ಮೊಳೆ ಹೊಡೆಯಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಬಾಗಿಲನ್ನು ಮತ್ತೆ ಏರಿಸಿದೆವು. ಅಪ್ಪನ ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಕ್ಕನಿಗೆ ಹೇಳಲು ನಾನು ಮನೆಗೆ ಹೋದಾಗ ಅವಳು ಹಳೇ ನೈಟಿಯಲ್ಲಿ ಕೂತು ನಿಜವಾಗಿಯೂ ಕಾಜಾ ಹಾಕುತ್ತಿದ್ದಳು.

“ಇಳಿದಿದೆ,” ಅಂದೆ.

“ಯಾವುದರಲ್ಲಿ ಅಳೆದೆ?”

“ಎರಡರಲ್ಲೂ.”

“ಕಳೆದ್ಯಾ?”

“ಕಳೆದೆ ಮಾರಾಯ್ತಿ.”

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಹಂಗಾದ್ರೆ ಆ ನೀಲಿ ಸೀರೆ ತೆಗಿ. ಇಸ್ತ್ರಿ ಮಾಡು. ನಿನ್ನ ಕೂದಲಲ್ಲಿ ಅಂಟು ಇದೆ, ನೀನೂ ಸ್ನಾನ ಮಾಡು.”

ಹತ್ತು ಗಂಟೆಗೆ ಭವನದ ಮುಂದೆ ಬೀದಿಯೇ ನೆರೆದಿತ್ತು. ಗಿರಣಿ ಮುಚ್ಚಿದಾಗ ಹೋದವರಲ್ಲೂ ಕೆಲವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. “ಇದು ನಮ್ಮಜ್ಜಿ ಹೊತ್ತ ಇಟ್ಟಿಗೆ” ಎಂದು ಒಬ್ಬಳು ಗೋಡೆ ತೋರಿಸಿ ಮಗುವಿಗೆ ಹೇಳುತ್ತಿದ್ದಳು. ಯಾವ ಇಟ್ಟಿಗೆ ಎಂದು ಅವಳಿಗೆ ಹೇಗೆ ಗೊತ್ತೋ, ನಾನು ಕೇಳಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು, ನಿಂತವರ ಎದೆ ಮಟ್ಟಕ್ಕೆ. ಮೇಷ್ಟ್ರು ಮಾತು ಮುಗಿಸಿದರು. ಭಾಷಣದಲ್ಲಿ ಅಪ್ಪನನ್ನು ಎರಡು ಸಲ ನೆನೆದರು, ತಮ್ಮ ಸೊನ್ನೆಯನ್ನೂ ಹೇಳಿಕೊಂಡರು. ಆಮೇಲೆ ಕತ್ತರಿ ಎಂದರು. ಕತ್ತರಿ ಎಲ್ಲಿಟ್ಟಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಅಕ್ಕ ಮುಂದಿನ ಸಾಲಿನಲ್ಲಿದ್ದಳು. ದರ್ಜಿಯಾದ್ದರಿಂದ ಎಲ್ಲರೂ ಅವಳ ಕಡೆ ತಿರುಗಿದರು. “ನನ್ನ ಕತ್ತರಿ ಬಟ್ಟೆಗೆ ಮಾತ್ರ,” ಎಂದಳು.

ಹೇಳಿ, ಎರಡೂ ಕೈ ಚಕ್ರದ ಮೇಲಿಟ್ಟು ನೂಕಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು; ಸಿಮೆಂಟಣ್ಣ ನನ್ನ ಮಣಿಕಟ್ಟು ಹಿಡಿದ. ಕುರ್ಚಿ ಇಳಿಜಾರು ಏರಿತು. ರಿಬ್ಬನ್ ಹತ್ತಿರ ಅವಳು ತಲೆಯನ್ನು ಸ್ವಲ್ಪವೇ ಬಗ್ಗಿಸಿದಳು. ಪುಟ್ಟ ಚಕ್ರ ಹೊಸ್ತಿಲು ದಾಟಿತು, ದೊಡ್ಡ ಚಕ್ರ ದಾಟಿತು, ಸದ್ದೇ ಆಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಇನ್ನೂ ಕತ್ತರಿ ಹುಡುಕುತ್ತಿದ್ದರು. ಅವಳು ಕಲ್ಲು ನೆಲದ ಮೇಲೆ ನೇರವಾಗಿ ವೇದಿಕೆಯವರೆಗೆ ಹೋಗಿ, ತಾನು ಹೊಲಿದ ಪರದೆಯ ಅಂಚು ಹಿಡಿದು ಹೊಲಿಗೆ ಸರಿಯಾಗಿ ಕೂತಿದೆಯಾ ಎಂದು ನೋಡಿದಳು.

ಅಪ್ಪ ಕೊಟ್ಟ ಮಾತು ನಲವತ್ತೈದು ವರ್ಷಕ್ಕೆ ನಡೆಯಿತು.